ಅಯಸ್ಕಾಂತವೂ ಜೈವಿಕ ಸಂವೇದಕವೂ: ಒಂದು ಪದವಿಮರ್ಶೆ

ವೈದ್ಯವಿಜ್ಞಾನದಲ್ಲಿ ಬಳಕೆಗೆ ಬಂದಿರುವ ‘ಕಾಂತೀಯ ಜೈವಿಕ ಸಂವೇದಕ’ವೆಂಬ ಪರಿಭಾಷೆಯು ವ್ಯಾಕರಣದೃಷ್ಟಿಯಿಂದ ನಿರ್ದುಷ್ಟವಾದುದು. ಆದರೆ ಪದವು ಶುದ್ಧವಾದ ಮಾತ್ರಕ್ಕೆ ಅದರಿಂದುಂಟಾಗುವ ಅರ್ಥಬೋಧೆಯೂ ಶುದ್ಧವಾಗಿರುವುದೆಂದು ಹೇಳಲಾಗದು.

ಅಯಸ್ಕಾಂತವೆಂದರೆ ಕಬ್ಬಿಣಕ್ಕೆ ಪ್ರಿಯವಾದುದು. ಕಾಳಿದಾಸನು ಕುಮಾರಸಂಭವದ ಎರಡನೆಯ ಸರ್ಗದಲ್ಲಿ, ಶಿವನ ಮನಸ್ಸನ್ನು ಉಮೆಯ ರೂಪದಿಂದ ಸೆಳೆಯಬೇಕೆಂಬಲ್ಲಿ, ಇದನ್ನೇ ಉಪಮಾನವಾಗಿ ತಂದಿರುವನು. ಸುಶ್ರುತಸಂಹಿತೆಯು ದೇಹದಲ್ಲಿ ನೆಟ್ಟ ಶಲ್ಯವನ್ನು ತೆಗೆಯುವ ಉಪಾಯಗಳಲ್ಲಿ ಇದನ್ನೂ ಎಣಿಸಿ, ಶಲ್ಯವು ಬಿಗಿಯಾಗಿ ಸಿಕ್ಕಿಕೊಂಡಿರಬಾರದು, ಗಾಯದ ಬಾಯಿ ಕಿರಿದಾಗಿರಬಾರದು ಎಂದು ಕಟ್ಟು ಮಾಡಿದೆ. ಕಾವ್ಯದಲ್ಲಿಯೂ ಶಾಸ್ತ್ರದಲ್ಲಿಯೂ ಈ ಪದದ ಜೀವಾಳವು ಆಕರ್ಷಣೆಯೇ. ಈ ಸಂಸ್ಕಾರವುಳ್ಳ ವಾಚಕನು ಹೊಸ ಉಪಕರಣವೂ ರಕ್ತದಿಂದ ರೋಗವನ್ನು ಸೆಳೆದು ತೋರಿಸುವುದೆಂದು ಭಾವಿಸುವುದು ಸಹಜ.

ವಸ್ತುಸ್ಥಿತಿಯು ಬೇರೆ. ಇಂತಹ ಉಪಕರಣದ ಒಂದು ಮುಖ್ಯ ಪ್ರಭೇದದಲ್ಲಿ, ಫಲಕದ ಮೇಲೆ ನೆಲೆಗೊಳಿಸಿದ ಪ್ರತಿಕಾಯವು ತನಗೆ ತಕ್ಕ ಪ್ರೋಟೀನನ್ನು ಹಿಡಿಯುವುದು. ಎರಡನೆಯ ಪ್ರತಿಕಾಯವು ಕಾಂತಕಣವೊಂದನ್ನು ಹೊತ್ತು ಆ ಪ್ರೋಟೀನನ್ನೇ ಸೇರುವುದು. ಕಣದ ಕಾಂತಕ್ಷೇತ್ರವು ಕೆಳಗಣ ತೆಳುಪದರಗಳ ವಿದ್ಯುದ್ರೋಧವನ್ನು ಬದಲಿಸುವುದು. ಆ ಬದಲಾವಣೆಯೇ ಅಳತೆ. ಫೆರ್ ಮತ್ತು ಗ್ರ್ಯೂನ್‌ಬರ್ಗ್ ೧೯೮೮ರಲ್ಲಿ ಕಂಡು ೨೦೦೭ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದ ದೈತ್ಯ ಕಾಂತರೋಧವೇ ಇದಕ್ಕೆ ಆಧಾರ. ಇಲ್ಲಿ ಆರಿಸುವುದು ಪ್ರತಿಕಾಯ. ಕಾಂತಕಣವು ಅಂಕಿತ ಮಾತ್ರ. ರಕ್ತ ಮೂತ್ರಾದಿಗಳಿಗೆ ಸ್ವಭಾವತಃ ಕಾಂತಗುಣವು ಅತ್ಯಲ್ಪವಾದುದರಿಂದ ಆ ಅಂಕಿತವು ಮರೆಯಾಗದು. ಇದೇ ಈ ವಿಧಾನದ ನಿಜವಾದ ಹಿರಿಮೆ.

ಹಾಗಾದರೆ ಪುರಾತನಾರ್ಥವು ಸಂಪೂರ್ಣವಾಗಿ ಅಳಿಯಿತೇ? ಇಲ್ಲ. ಮಿಶ್ರಣದಿಂದ ಜೀವಕೋಶಗಳನ್ನೋ ಡಿಎನ್‌ಎಯನ್ನೋ ಬೇರ್ಪಡಿಸುವಾಗ ಜೀವತಂತ್ರಜ್ಞರು ಕಾಂತದಿಂದ ಕಣಗಳನ್ನು ಸೆಳೆಯುವರು; ಸುಶ್ರುತನ ಅರ್ಥವು ಅಲ್ಲಿ ಜೀವಂತವಾಗಿದೆ. ಅಮೆರಿಕದ ನೌಕಾ ಸಂಶೋಧನಾಲಯದ ಬಾಸೆಲ್ಟ್ ಮತ್ತು ಸಂಗಡಿಗರು ೧೯೯೮ರಲ್ಲಿ ವಿವರಿಸಿದ ಉಪಕರಣದಲ್ಲಿಯಂತೂ ಸೆಳೆತವು ಪರೀಕ್ಷೆಯ ಸಾಧನವಾಯಿತು: ಕಾಂತವು ಎಳೆದಮೇಲೂ ಫಲಕದಲ್ಲಿ ಉಳಿದ ಕಣಗಳೆಷ್ಟೆಂಬುದೇ ಗಣನೆಗೆ ಬಂದಿತು. ಎಳೆತಕ್ಕೆ ಬಾರದುದೇ ಇಲ್ಲಿ ಪ್ರಮಾಣ. ಕಾಳಿದಾಸನ ಉಪಮೆಯು ತಲೆಕೆಳಗಾದಂತಾಯಿತು.

‘ಸಂವೇದಕ’ವೆಂಬುದರ ವಿಷಯದಲ್ಲಿಯೂ ಎಚ್ಚರವು ಅವಶ್ಯ. ಧಾತ್ವರ್ಥದಂತೆ ಅದು ತಿಳಿಯಪಡಿಸುವಂಥದು. ರೂಢಿಯಲ್ಲಿ ಅದಕ್ಕೆ ಅನುಭವಿಸುವುದೆಂಬ ಛಾಯೆಯು ಸೇರಿದೆ. ಉಪಕರಣವು ರೋಗವನ್ನು ಅನುಭವಿಸದು, ನಿರ್ಣಯಿಸಲೂ ಆರದು. ಕಾಂತಾಂಕಿತವು ಎಷ್ಟೇ ನಿಷ್ಕಳಂಕವಾಗಿರಲಿ, ಪ್ರತಿಕಾಯವು ತಪ್ಪಾದುದನ್ನು ಹಿಡಿದರೆ ಗಣನೆಯೂ ತಪ್ಪುವುದು. ಹೃದಯಸ್ನಾಯುವಿಗೆ ಆದ ಹಾನಿಯನ್ನು ಸೂಚಿಸುವ ಟ್ರೋಪೋನಿನ್ನಿನ ಅಳತೆಯನ್ನು ಕೈಯಲ್ಲಿ ಹಿಡಿದ ರೋಗಿಗೆ ಈ ಭೇದವು ಕೇವಲ ಶಬ್ದವಿಚಾರವಲ್ಲ.

ಆದುದರಿಂದ ಪರಿಭಾಷೆಯನ್ನು ತ್ಯಜಿಸಬೇಕಾಗಿಲ್ಲ. ‘ಕಾಂತಾಂಕಿತ ಜೈವಿಕ ಸೂಚಕ’ವೆಂದರೆ ಈ ಪ್ರಭೇದಕ್ಕೆ ಅರ್ಥವು ಹೆಚ್ಚು ನಿಷ್ಕೃಷ್ಟವಾದೀತು. ಹಳೆಯ ಪದವೇ ಉಳಿಯುವುದಾದರೆ, ಬೋಧಿಸುವವರು ಸೆಳೆಯುವ ಕಾಂತಕ್ಕೂ ಗುರುತಾಗುವ ಕಾಂತಕ್ಕೂ ಇರುವ ಅಂತರವನ್ನು ಮೊದಲೇ ತಿಳಿಸುವುದು ಯುಕ್ತ.