ಬ್ರೈಲ್ ಕಡತಗಳ ರೂಪರಚನೆ: ಒಂದು ವಿಮರ್ಶೆ

ಶಾಸನವನ್ನು ಸಂಪಾದಿಸುವವರು ಅದರ ಪಾಠವನ್ನು ಮೂಲದ ಸಾಲುಗಳಂತೆಯೇ ಅಚ್ಚುಮಾಡುವುದು ವಾಡಿಕೆ. ಆದರೆ ಸಾಲು ಮುರಿದಿರುವುದು ಕಲ್ಲಿನ ಅಗಲದಿಂದಲೇ ಹೊರತು ಬರೆದವನ ಅಭಿಪ್ರಾಯದಿಂದಲ್ಲವೆಂಬುದನ್ನು ಅವರು ಮರೆಯುವುದಿಲ್ಲ. ಅಂಧರು ಬೆರಳಿನಿಂದ ಓದುವ ಬ್ರೈಲ್ ಪುಸ್ತಕಗಳನ್ನು ಗಣಕಯಂತ್ರದಲ್ಲಿ ಕಾಪಿಡುವುದಕ್ಕೆ ಹಲವು ದಶಕಗಳಿಂದ ಬಳಕೆಯಲ್ಲಿರುವ ಬಿ.ಆರ್.ಎಫ್. ಎಂಬ ಕಡತಪದ್ಧತಿಯಲ್ಲಿ ಈ ವಿವೇಚನೆಯಿಲ್ಲ. ಅದರ ಸ್ಥಾನದಲ್ಲಿ ನಿಲ್ಲಲೆಂದು ಡೈಸಿ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡಿರುವ ಇ-ಬ್ರೈಲ್ ಪದ್ಧತಿಯನ್ನು ಇತಿಹಾಸದ ಬೋಧಕರ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಲೂಯಿ ಬ್ರೈಲನ ಲಿಪಿಯಲ್ಲಿ ಒಂದೊಂದು ಅಕ್ಷರದ ಮನೆಗೆ ಆರು ಚುಕ್ಕಿಗಳು. ಖಾಲಿ ಮನೆಯೂ ಸೇರಿ 64 ರೂಪಗಳಾಗುವುವು. ಬಿ.ಆರ್.ಎಫ್. ಇವುಗಳಲ್ಲಿ ಒಂದೊಂದಕ್ಕೂ ಇಂಗ್ಲಿಷ್ ಕೀಲಿಮಣೆಯ ಒಂದು ಚಿಹ್ನೆಯನ್ನು ಗೊತ್ತುಮಾಡಿ, ಸಾಲಿಗೆ ಸಾಮಾನ್ಯವಾಗಿ 40 ಮನೆ, ಪುಟಕ್ಕೆ 25 ಸಾಲುಗಳಂತೆ ಜೋಡಿಸಿಡುತ್ತದೆ. ಕಾಗದದ ಮೇಲೆ ಒತ್ತುವುದಕ್ಕೆ ಇದು ಸಾಕು. 20 ಅಥವಾ 32 ಮನೆಗಳ ವಿದ್ಯುತ್ ಫಲಕದ ಮೇಲೆ ಓದುವವನಿಗೆ ತುಂಡು ಸಾಲುಗಳೂ ನಡುನಡುವೆ ಪುಟಸಂಖ್ಯೆಗಳೂ ಅಡ್ಡಬರುವುವು. ಅಧ್ಯಾಯದ ಶಿರೋನಾಮೆಗೆ ಖಾಲಿ ಮನೆಗಳ ಹೊರತು ಬೇರೆ ಗುರುತಿಲ್ಲ. ಅಡಿಟಿಪ್ಪಣಿಯನ್ನು ಹುಡುಕಿಹೋದ ವಿದ್ಯಾರ್ಥಿ ಹಿಂದಿರುಗುವ ದಾರಿಯನ್ನೂ ತಾನೇ ಹುಡುಕಿಕೊಳ್ಳಬೇಕು.

ಇದಕ್ಕಿಂತ ಗುರುತರವಾದ ದೋಷ ಇನ್ನೊಂದುಂಟು. 1951ರಲ್ಲಿ ನೆಲೆಗೊಂಡ ಭಾರತೀ ಬ್ರೈಲಿನಲ್ಲಿ ನಮ್ಮ ದೇಶದ ಭಾಷೆಗಳು ಬಹುಮಟ್ಟಿಗೆ ಒಂದೇ ಚುಕ್ಕಿಗಳನ್ನು ಹಂಚಿಕೊಂಡಿರುವುವು. ಕನ್ನಡದ ಕಕಾರ, ಹಿಂದಿಯ ಕಕಾರ, ಇಂಗ್ಲಿಷಿನ ಕೆ, ಈ ಮೂರೂ ಒಂದನೆಯ ಮತ್ತು ಮೂರನೆಯ ಚುಕ್ಕಿಗಳೇ. ಲಿಪಿಗೆ ಇದು ಸೌಕರ್ಯ. ಆದರೆ ಕಡತವು ತನ್ನ ಭಾಷೆಯನ್ನು ಎಲ್ಲಿಯೂ ಹೇಳದಿದ್ದಾಗ ಅದೇ ತೊಡಕಾಗುತ್ತದೆ. ಹೆಸರು ಕಳಚಿದ ಬಿ.ಆರ್.ಎಫ್. ಕಡತವು ಲಿಪಿಕಾರನ ಉಲ್ಲೇಖವಿಲ್ಲದ ಓಲೆಕಟ್ಟಿನಂತೆ. ಓಲೆಕಟ್ಟಿನಲ್ಲಾದರೋ ಅಕ್ಷರದ ಮೋಡಿಯಿಂದ ಕಾಲವನ್ನಾದರೂ ಊಹಿಸಬಹುದು!

ಇ-ಬ್ರೈಲ್ ಪದ್ಧತಿಯು ಇ-ಪಬ್ ಎಂಬ ವಿದ್ಯುನ್ಮಾನ ಪುಸ್ತಕರೂಪದ ಮೇಲೆ ನಿಂತಿದೆ. ಚುಕ್ಕಿಗಳಿಗೆ ಯೂನಿಕೋಡಿನ ಬ್ರೈಲ್ ಸಂಕೇತಗಳನ್ನೇ ಬಳಸುತ್ತದೆ. ಶಿರೋನಾಮೆ ಶಿರೋನಾಮೆಯೆಂದೇ, ಟಿಪ್ಪಣಿ ಟಿಪ್ಪಣಿಯೆಂದೇ ಗುರುತಾಗಿರುತ್ತದೆ; ಸಾಲಿನ ಉದ್ದವನ್ನು ಓದುವ ಯಂತ್ರವೇ ನಿರ್ಣಯಿಸುತ್ತದೆ. ಭಾಷೆ ಯಾವುದು, ಯಾವ ಬ್ರೈಲ್ ನಿಯಮವನ್ನು ಅನುಸರಿಸಿದೆ, ಸಿದ್ಧಪಡಿಸಿದವರು ಯಾರು, ಲಿಪ್ಯಂತರವು ಸಮಗ್ರವೇ ಎಂಬ ವಿವರಗಳಿಗೂ ಸ್ಥಾನವಿದೆ. ಆಕರಗಳ ಪರಿಶೋಧನೆಯಲ್ಲಿ ನಾವು ಮೊದಲು ಕೇಳುವ ಪ್ರಶ್ನೆಗಳೂ ಇವೇ. ಈ ಅಂಶದಲ್ಲಿ ನಮಗೆ ಯಾವ ಆಕ್ಷೇಪಣೆಯೂ ಇಲ್ಲ.

ಕಷ್ಟವಿರುವುದು ಸ್ಪರ್ಶಚಿತ್ರಗಳಲ್ಲಿ. ಚಿತ್ರವನ್ನು ಪಾಠದೊಡನೆಯೇ ಕಡತದಲ್ಲಿ ಅಡಕಗೊಳಿಸಲು ಹೊಸ ಪದ್ಧತಿ ಅವಕಾಶವಿತ್ತಿದೆ. ಆದರೆ ಸಾಲನ್ನು ಕುಗ್ಗಿಸಿದಂತೆ ಚಿತ್ರವನ್ನು ಕುಗ್ಗಿಸಬಹುದೆಂದು ಭಾವಿಸುವುದು ಸಲ್ಲದು. ಇ-ಬ್ರೈಲನ್ನು ಓದಬಲ್ಲ ಮೊನಾರ್ಕ್ ಎಂಬ ಅಮೆರಿಕದ ಯಂತ್ರವನ್ನೇ ನೋಡೋಣ. ಅದರ ಫಲಕದಲ್ಲಿ ಅಡ್ಡಲಾಗಿ 96, ನೀಟಾಗಿ 40, ಒಟ್ಟು 3,840 ಮೊಳೆಗಳಿವೆ. ಸುಮಾರು 1,500 ಕಿಲೋಮೀಟರು ಉದ್ದದ ದಕ್ಷಿಣ ಭಾರತವನ್ನು ಅದರಲ್ಲಿ ಮೇಲಿನಿಂದ ಕೆಳಕ್ಕೆ ಇಡಹೋದರೆ ಮೊಳೆಯಿಂದ ಮೊಳೆಗೆ 37 ಕಿಲೋಮೀಟರಿಗೂ ಹೆಚ್ಚು ಬೀಳುತ್ತದೆ. ಆಗ ರಾಯಚೂರಿನ ಬಳಿ ಕೃಷ್ಣೆಗೂ ತುಂಗಭದ್ರೆಗೂ ಉಳಿಯುವ ಅಂತರ ಒಂದೆರಡು ಮೊಳೆಗಳಷ್ಟೇ. ಬೆರಳಿಗೆ ಎರಡು ನದಿಗಳೂ ಒಂದಾಗುವುವು. ವಿಜಯನಗರದವರೂ ಬಹಮನಿಗಳೂ ಮತ್ತೆ ಮತ್ತೆ ಕಾದಾಡಿದ, 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದೊಡನೆ ಯುದ್ಧಮಾಡಿದ ದೋಆಬ್ ಪ್ರದೇಶವೇ ನಕ್ಷೆಯಿಂದ ಮಾಯವಾಗುತ್ತದೆ. ಕದನದ ಕಾರಣವನ್ನು ಬರೆಯೆಂದು ಪರೀಕ್ಷೆಯಲ್ಲಿ ಕೇಳಿದರೆ ಆ ವಿದ್ಯಾರ್ಥಿ ಏನನ್ನು ಬರೆಯಬೇಕು?

ಅಕ್ಷರಗಳ ವಿಷಯದಲ್ಲಿ ಇನ್ನೂ ಬಿಕ್ಕಟ್ಟು. ಅಚ್ಚಿನ ನಕ್ಷೆಯನ್ನು ಕಿರಿದುಮಾಡಿದರೆ ಹೆಸರುಗಳೂ ಕಿರಿದಾಗುವುವು; ಬ್ರೈಲ್ ಚುಕ್ಕಿಗಳ ಅಂತರವು ಬೆರಳಿನ ತುದಿಗೆ ಕಟ್ಟುಬಿದ್ದದ್ದು, ಅದು ಕುಗ್ಗಲಾರದು. ‘ರಾಯಚೂರು’ ಎಂದು ಬರೆಯಲು ಏಳು ಮನೆ, ಎಂದರೆ 21 ಮೊಳೆ ಬೇಕು. ಇದು ಫಲಕದ ಅಗಲದ ಐದನೆಯ ಒಂದು ಪಾಲಿಗಿಂತ ಹೆಚ್ಚು.

ಆದಕಾರಣ ಒಂದೇ ಚಿತ್ರವನ್ನು ಕಡತದಲ್ಲಿಟ್ಟು ಹಿಗ್ಗಿಸು, ಕುಗ್ಗಿಸು ಎಂದು ಯಂತ್ರಕ್ಕೆ ಒಪ್ಪಿಸುವುದು ಸಾಲದೆಂಬುದು ನಮ್ಮ ಅಭಿಪ್ರಾಯ. ನಕ್ಷೆಯಲ್ಲಿ ಏನನ್ನು ಬಿಡಬೇಕೆಂಬುದು ಯಂತ್ರದ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆ. ಲಿಪ್ಯಂತರಕಾರನೊಬ್ಬನೇ ಅದನ್ನು ನಿರ್ಣಯಿಸುವಂತಾಗಬಾರದು. ಪಾಠವನ್ನು ಬೋಧಿಸುವವರು ಅವನ ಪಕ್ಕದಲ್ಲಿ ಕುಳಿತಿರಬೇಕು. ದೋಆಬಿನ ಪಾಠಕ್ಕೆ ಕನಿಷ್ಠಪಕ್ಷ ಎರಡು ನಕ್ಷೆಗಳು ಬೇಕು: ರಾಜ್ಯಗಳ ಮೇರೆಗಳನ್ನು ಮಾತ್ರ ತೋರುವುದು ಒಂದು, ಎರಡು ನದಿಗಳನ್ನೂ ರಾಯಚೂರಿನ ಕೋಟೆಯನ್ನೂ ಬಿಟ್ಟು ಬೇರೇನೂ ಇಲ್ಲದ್ದು ಇನ್ನೊಂದು. ಎರಡರಲ್ಲಿಯೂ ಬಿಟ್ಟುದೇನೆಂಬುದನ್ನು ಟಿಪ್ಪಣಿಯಲ್ಲಿ ನಮೂದಿಸತಕ್ಕದ್ದು.