ದೇವರ ಸಿಟ್ಟು ಯಾರ ಮೇಲೆ?

ಕ್ರೈಸ್ತರ ದೇವರ ಬಗ್ಗೆ ಮಾತು ಬಂದಾಗೆಲ್ಲ ಓದಿದವರು ಹೇಳುವ ಒಂದು ಸಿದ್ಧ ಮಾತಿದೆ: ಹಳೆಯ ಒಡಂಬಡಿಕೆಯ ಯೆಹೋವ ಸಿಟ್ಟಿನವನು, ಹೊಸ ಒಡಂಬಡಿಕೆಯ ಯೇಸು ಪ್ರೀತಿಯವನು. ಇದು ಇವತ್ತಿನ ಮಾತೇನಲ್ಲ. ಎರಡನೆಯ ಶತಮಾನದಲ್ಲೇ ಮಾರ್ಸಿಯನ್ ಎಂಬವನು ಸಿಟ್ಟಿನ ದೇವರು ಬೇಡವೆಂದು ಹಳೆಯ ಒಡಂಬಡಿಕೆಯನ್ನೇ ಕಿತ್ತುಹಾಕಿದ. ರೋಮಿನ ಸಭೆ ಅವನನ್ನೇ ಹೊರಹಾಕಿತು. ನಾಲ್ಕನೆಯ ಶತಮಾನದ ಆರಂಭದಲ್ಲಿ ಲ್ಯಾಕ್ಟಾನ್ಷಿಯಸ್ ಎಂಬ ಪಂಡಿತ ದೇವರ ಕೋಪದ ಮೇಲೆಯೇ ಒಂದು ಪುಸ್ತಕ ಬರೆದು, ಕೆಟ್ಟದ್ದರ ಮೇಲೆ ಸಿಟ್ಟು ಬಾರದವನಿಗೆ ಒಳ್ಳೆಯದರ ಮೇಲೆ ಪ್ರೀತಿಯೂ ಇರಲಾರದು ಎಂದು ವಾದಿಸಿದ. ಈ ಜಗಳ ಪಂಡಿತರಿಗೇ ಇರಲಿ ಬಿಡಿ. ನಮಗೆ ಬೇಕಾದ ಪ್ರಶ್ನೆ ಬೇರೆ. ದೇವರಿಗೆ ಸಿಟ್ಟು ಬಂದಿದೆ ಅಂತ ಹೇಳುವವನು ಯಾರು? ಆ ಸಿಟ್ಟು ಯಾರ ಮೇಲೆ? ಏಟು ಬೀಳುವುದು ಯಾರ ಬೆನ್ನಿಗೆ?

ಇದನ್ನು ಒರೆಗೆ ಹಚ್ಚಿ ನೋಡಲು ಅಮೆರಿಕದ ಗುಲಾಮಗಿರಿಯ ಕಾಲ ತಕ್ಕದ್ದು. ಅಲ್ಲಿ ಧಣಿಯೂ ಗುಲಾಮನೂ ಒಂದೇ ದೇವರಿಗೆ ಮೊಣಕಾಲೂರಿದ್ದರು.

1741ರ ಜುಲೈ 8ರಂದು ಎನ್‌ಫೀಲ್ಡ್ ಎಂಬ ಊರಿನಲ್ಲಿ ಜೊನಾಥನ್ ಎಡ್ವರ್ಡ್ಸ್ ಎಂಬ ಬೋಧಕ ಒಂದು ಪ್ರಸಂಗ ಮಾಡಿದ. ಸಿಟ್ಟುಗೊಂಡ ದೇವರ ಕೈಯಲ್ಲಿರುವ ಪಾಪಿಗಳು ಎಂಬುದು ಅದರ ಹೆಸರು. ಉರಿಯುವ ಬೆಂಕಿಯ ಮೇಲೆ ಜೇಡವನ್ನು ಹಿಡಿದ ಹಾಗೆ ದೇವರು ಮನುಷ್ಯನನ್ನು ನರಕದ ಮೇಲೆ ಹಿಡಿದಿದ್ದಾನೆ, ಯಾವ ಗಳಿಗೆಯಲ್ಲಾದರೂ ಕೈ ಬಿಟ್ಟಾನು ಎಂಬುದು ಅದರ ತಾತ್ಪರ್ಯ. ಜನ ಚೀರಾಡಿ ಅತ್ತು, ಬೋಧಕ ಮಾತು ನಿಲ್ಲಿಸಬೇಕಾಯಿತೆಂದು ಅಲ್ಲಿದ್ದವನೊಬ್ಬ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸುಳ್ಳು ಹೇಳಬಾರದು, ಬರವಣಿಗೆಯಾಗಿ ಅದು ಬಲು ಗಟ್ಟಿ ಪ್ರಸಂಗ. ಒಂದೊಂದು ಹೋಲಿಕೆಯೂ ಕೇಳುವವನ ಕಾಲ ಕೆಳಗಿನ ನೆಲವನ್ನು ಕೆರೆದು ತೆಗೆಯುತ್ತದೆ. ಆದರೆ ಅದನ್ನು ಎಷ್ಟು ಜರಡಿ ಹಿಡಿದರೂ ಯಾರು ಯಾರ ಬೆವರು ತಿಂದರು ಎಂಬ ಮಾತು ಸಿಗುವುದಿಲ್ಲ. ಎಲ್ಲರೂ ಪಾಪಿಗಳು, ಅಷ್ಟೆ. ಎಲ್ಲರೂ ಸಮಾನ ಪಾಪಿಗಳಾದ ಮೇಲೆ ಚಾವಟಿ ಹಿಡಿದವನಿಗೂ ಚಾವಟಿ ತಿಂದವನಿಗೂ ವ್ಯತ್ಯಾಸ ಎಲ್ಲಿಂದ ಬರಬೇಕು?

ಈ ಎಡ್ವರ್ಡ್ಸ್ 1731ರಲ್ಲಿ ನ್ಯೂಪೋರ್ಟ್ ಬಂದರಿನಲ್ಲಿ ಸುಮಾರು 14 ವರ್ಷದ ಕಪ್ಪು ಹುಡುಗಿಯೊಬ್ಬಳನ್ನು 80 ಪೌಂಡು ಕೊಟ್ಟು ಕೊಂಡಿದ್ದ. ಅವಳಿಗೆ ಇಟ್ಟಿದ್ದ ಹೆಸರು ವೀನಸ್. ಆ ಕ್ರಯಪತ್ರ ಇವತ್ತಿಗೂ ಉಳಿದಿದೆ. ಯಾಕೆ ಉಳಿಯಿತು ಅಂದರೆ, ಅದೇ ಕಾಗದದ ಬೆನ್ನಿಗೆ ಬೋಧಕರು ಪ್ರಸಂಗದ ಟಿಪ್ಪಣಿ ಬರೆದುಕೊಂಡಿದ್ದರು. ಒಂದು ಮಗ್ಗುಲಲ್ಲಿ ಹುಡುಗಿಯ ಬೆಲೆ, ಇನ್ನೊಂದು ಮಗ್ಗುಲಲ್ಲಿ ದೇವರ ವಾಕ್ಯ. ಆ ಪ್ರಸಂಗಗಳ ಮೇಲೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಬರೆಯಲಾರೆವು. ಗುಲಾಮರನ್ನಿಟ್ಟುಕೊಂಡ ಇನ್ನೊಬ್ಬ ಬೋಧಕನ ಮೇಲೆ ಅವನ ಸಭೆಯವರೇ ತಿರುಗಿಬಿದ್ದಾಗ ಎಡ್ವರ್ಡ್ಸ್ ಆ ಬೋಧಕನ ಪರವಾಗಿ ವಾದ ಹೂಡಿದ್ದೂ ದಾಖಲೆಯಲ್ಲಿದೆ.

ಅವನು ಪ್ರಸಂಗಕ್ಕೆ ಆಯ್ದುಕೊಂಡದ್ದು ಧರ್ಮೋಪದೇಶಕಾಂಡದ 32ನೇ ಅಧ್ಯಾಯದ 35ನೇ ವಾಕ್ಯ. ಆ ವಾಕ್ಯಕ್ಕೆ ಎರಡು ಭಾಗ. ಮುಯ್ಯಿ ತೀರಿಸುವುದು ದೇವರ ಕೆಲಸ ಎಂಬುದು ಮೊದಲನೆಯದು; ಕೆಟ್ಟವರ ಕಾಲು ಜಾರುವ ದಿನ ಬರುತ್ತದೆ ಎಂಬುದು ಮುಂದಿನದು. ಎಡ್ವರ್ಡ್ಸ್‌ಗೆ ಬೇಕಾದದ್ದು ಜಾರುವ ಕಾಲು. ಮೊದಲ ಭಾಗವನ್ನು ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಎತ್ತಿಕೊಂಡು, ಆದ್ದರಿಂದ ನೀವು ಸೇಡಿಗೆ ಕೈಹಾಕಬೇಡಿ ಎನ್ನುತ್ತಾನೆ. ಧಣಿಗಳ ಬೋಧಕರು ಗುಲಾಮನಿಗೆ ಉಣಿಸಿದ್ದು ಈ ತಾಳ್ಮೆಯನ್ನು. ಒಂದೇ ವಾಕ್ಯ ಎರಡು ಹೋಳಾಯಿತು: ಒಂದು ಎಲ್ಲರನ್ನೂ ನಡುಗಿಸೋದಕ್ಕೆ, ಇನ್ನೊಂದು ಗುಲಾಮನ ಕೈ ಕಟ್ಟೋದಕ್ಕೆ. ನಿನ್ನ ಸಿಟ್ಟನ್ನು ದೇವರ ಹತ್ತಿರ ಅಡವಿಡು, ಅವನು ನೋಡ್ಕೋತಾನೆ! ಅಡವಿಟ್ಟ ಒಡವೆ ಬಿಡಿಸಿಕೊಂಡ ಬಡವರು ಎಷ್ಟು ಜನ ಅಂತ ನಮಗೆ ಗೊತ್ತು.

ಗುಲಾಮನ ಸಿಟ್ಟನ್ನು ದೇವರಿಗೆ ಅಡವು ಹಾಕಿಸಿದ ಧಣಿ, ಶಿಕ್ಷಿಸುವ ಅಧಿಕಾರವನ್ನು ಅದೇ ದೇವರಿಂದ ಕಡ ತಂದ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತನ್ನ ಆತ್ಮಕತೆಯಲ್ಲಿ ಬರೆದದ್ದನ್ನು ನೋಡಿ. ಅವನ ಧಣಿ ಥಾಮಸ್ ಆಲ್ಡ್ 1832ರಲ್ಲಿ ಮೆಥಡಿಸ್ಟರ ಕೂಟವೊಂದಕ್ಕೆ ಹೋಗಿ ಭಕ್ತನಾಗಿ ಬಂದ. ಇನ್ನಾದರೂ ಮನುಷ್ಯನಾದಾನು ಎಂದು ಗುಲಾಮರು ಕಾದರೆ, ಮೊದಲಿಗಿಂತ ಕ್ರೂರಿಯಾದ. ಕುಂಟು ಹುಡುಗಿಯೊಬ್ಬಳನ್ನು ಕಟ್ಟಿಹಾಕಿ, ಬರಿಮೈಗೆ ರಕ್ತ ಬರುವಂತೆ ಬಾರಿಸುತ್ತ, ಒಡೆಯನ ಇಚ್ಛೆ ತಿಳಿದೂ ನಡೆಯದ ಆಳಿಗೆ ಹೆಚ್ಚು ಪೆಟ್ಟು ಎಂಬ ಲೂಕನ ಸುವಾರ್ತೆಯ ಮಾತನ್ನು ಹೇಳುತ್ತಿದ್ದ. ಪುಸ್ತಕ ತೆರೆದು ನೋಡಿದರೆ ಆ ಮಾತು ಮುಗಿಯುವುದು ಹೇಗೆ? ಹೆಚ್ಚು ಪಡೆದವನಿಂದ ಹೆಚ್ಚು ಲೆಕ್ಕ ಕೇಳಲಾಗುತ್ತದೆ ಎಂದು. ಏಟು ಯಾರಿಗೆ ಬೀಳಬೇಕಿತ್ತು ಎಂಬುದು ಆ ಸಾಮ್ಯದಲ್ಲೇ ಇದೆ. ಆಲ್ಡ್ ಅಲ್ಲಿಯವರೆಗೆ ಓದಲಿಲ್ಲ.

ಕೆಲವರು ಇನ್ನೂ ಮುಂದೆ ಹೋದರು. 1807ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಆಳುಗಳು ಒಡೆಯರಿಗೆ ವಿಧೇಯರಾಗಿರಬೇಕೆಂಬ ಮಾತು ಅದರಲ್ಲಿ ಉಳಿಯಿತು. ಐಗುಪ್ತದ ದಾಸತ್ವದಿಂದ ಇಸ್ರಾಯೇಲ್ಯರು ಬಿಡುಗಡೆಯಾದ ಕತೆ ಹಾರಿಹೋಯಿತು. ದೇವರ ಯಾವ ಸಿಟ್ಟು ತಮಗೆ ಅಪಾಯದ್ದು ಎಂಬುದು ಕತ್ತರಿ ಹಿಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಇಂಥವರ ನಡುವೆ, ದೇವರಿಗೆ ಪ್ರೀತಿ ಮಾತ್ರ ಇದೆ ಸಿಟ್ಟಿಲ್ಲ ಎನ್ನುವುದೂ ಧಣಿಯ ಕಡೆಯ ಮಾತೇ ಆಗುತ್ತದೆ. 1970ರಲ್ಲಿ ಕಪ್ಪು ಜನರ ದೇವತಾಶಾಸ್ತ್ರ ಬರೆದ ಜೇಮ್ಸ್ ಕೋನ್ ಹಿಡಿದದ್ದು ಇದೇ ಎಳೆಯನ್ನು. ಯೇಸು ದೇವಾಲಯದಲ್ಲಿ ಚಿನಿವಾರರ ಮೇಜು ಉರುಳಿಸಿದಾಗ ಪಾರಿವಾಳ ಮಾರುವವರನ್ನೂ ಬಿಡಲಿಲ್ಲ. ಪಾರಿವಾಳ ಬಡವರ ಕಾಣಿಕೆ. ಕುರಿ ಕೊಡಲಾರದವರು ಅದನ್ನು ಕೊಡಬೇಕೆಂಬುದು ನಿಯಮ. ಅವನ ತಾಯಿಯೂ ಹೆರಿಗೆಯ ನಂತರ ಕೊಟ್ಟದ್ದು ಹಕ್ಕಿಯನ್ನೇ. ಆ ಸಿಟ್ಟಿಗೆ ಗುರಿ ಇತ್ತು.

ಆದರೆ ಐಗುಪ್ತದ ಕತೆಯನ್ನೂ ನಾವು ಕಣ್ಣುಮುಚ್ಚಿ ಒಪ್ಪಲಾರೆವು. ಹತ್ತನೆಯ ಉಪದ್ರವದಲ್ಲಿ ಫರೋಹನ ಚೊಚ್ಚಲ ಮಗ ಸತ್ತ, ಸರಿ. ಬೀಸುವ ಕಲ್ಲಿನ ಮುಂದೆ ಕೂತ ದಾಸಿಯ ಚೊಚ್ಚಲ ಮಗನೂ ಯಾಕೆ ಸಾಯಬೇಕಾಯಿತು? ಅವಳು ಯಾರನ್ನು ಜೀತಕ್ಕೆ ಇಟ್ಟುಕೊಂಡಿದ್ದಳು? ಆಕಾಶದಿಂದ ಬರುವ ಶಿಕ್ಷೆಗೆ ಅರಮನೆ ಯಾವುದು, ಗುಡಿಸಲು ಯಾವುದು ತಿಳಿಯುವುದಿಲ್ಲ. ಈ ತೊಡಕು ಕ್ರೈಸ್ತರದು ಮಾತ್ರವಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಾಗ ಗಾಂಧೀಜಿ ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥ ಠಾಕೂರರು ಇದು ವಿಜ್ಞಾನಕ್ಕೆ ಒಪ್ಪದ ಮಾತೆಂದು ಆಕ್ಷೇಪಿಸಿದರು. ನಾವು ಕೇಳುವುದು ಇನ್ನೂ ಸರಳ. ಅಸ್ಪೃಶ್ಯರ ಕೇರಿಯನ್ನು ಬಿಟ್ಟು ಜಾತಿವಂತರ ಮನೆಯನ್ನೇ ಹುಡುಕಿಕೊಂಡು ನಡುಗುವ ನೆಲ ಎಲ್ಲಿದೆ?

ಈ ತೊಡಕನ್ನು ಪುಸ್ತಕದ ಪಂಡಿತರಿಗಿಂತ ಚೆನ್ನಾಗಿ ಅರಿತವನು ಡೇವಿಡ್ ವಾಕರ್. ಬಾಸ್ಟನ್ನಿನಲ್ಲಿ ಹಳೆ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದ ಕಪ್ಪು ಮನುಷ್ಯ. 1829ರಲ್ಲಿ ಅವನು ಅಚ್ಚು ಹಾಕಿಸಿದ ಮನವಿಯ ಪುಸ್ತಕದಲ್ಲಿ ದೇವರ ಸಿಟ್ಟು ಪುಟಪುಟಕ್ಕೂ ಇದೆ. ಐಗುಪ್ತದವರಿಗಿಂತ ನೀವು ಕ್ರೂರಿಗಳು, ಪಶ್ಚಾತ್ತಾಪ ಪಡದಿದ್ದರೆ ನಿಮ್ಮ ದೇಶ ಉಳಿಯದು ಎಂದು ಬಿಳಿಯ ಕ್ರೈಸ್ತರಿಗೆ ನೇರವಾಗಿ ಹೇಳುತ್ತಾನೆ. ಎಡ್ವರ್ಡ್ಸ್‌ನ ಸಿಟ್ಟಿನ ದೇವರೇ. ಆದರೆ ಇಲ್ಲಿ ಪಾಪಕ್ಕೆ ಹೆಸರಿದೆ, ಮಾಡಿದವನಿಗೂ ಹೆಸರಿದೆ. ಅಷ್ಟಕ್ಕೇ ಬಿಟ್ಟು ಅವನು ಕೈಕಟ್ಟಿ ಕೂರುವುದಿಲ್ಲ. ತನ್ನ ಜನರತ್ತ ತಿರುಗಿ, ಧಣಿಗೆ ಬಗ್ಗಿ ನಡೆಯುವುದನ್ನು ಬೈಯುತ್ತಾನೆ, ಓದು ಕಲಿಯಿರಿ ಎನ್ನುತ್ತಾನೆ, ಬಿಡುಗಡೆಗೆ ನೀವೇ ಏಳಬೇಕು ಎನ್ನುತ್ತಾನೆ. ಸಿಟ್ಟನ್ನು ಪೂರ್ತಿಯಾಗಿ ಮೇಲಿನವನಿಗೆ ಒಪ್ಪಿಸಿಬಿಡುವುದು ಅವನಿಗೆ ಸಮ್ಮತವಲ್ಲ. ಬರವಣಿಗೆ ಒರಟು, ಒಂದೇ ಮಾತು ಹತ್ತು ಸಲ ಬರುತ್ತದೆ, ಉದ್ಗಾರ ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಇರಲಿ.

ಹಡಗಿನ ಆಳುಗಳ ಕೈಯಲ್ಲಿ ಆ ಪುಸ್ತಕ ಗುಟ್ಟಾಗಿ ದಕ್ಷಿಣದ ಬಂದರುಗಳಿಗೆ ಹೋಯಿತು. ವರ್ಷಗಟ್ಟಲೆ ನರಕದ ಪ್ರಸಂಗ ಕೇಳಿಯೂ ಗುಲಾಮರನ್ನು ಬಿಡದಿದ್ದ ಧಣಿಗಳು ಹಳೆ ಬಟ್ಟೆ ಅಂಗಡಿಯವನ ಪುಸ್ತಕಕ್ಕೆ ಬೆಚ್ಚಿದರು. ಜಾರ್ಜಿಯ ರಾಜ್ಯ 1829ರ ಡಿಸೆಂಬರಿನಲ್ಲೇ, ಉತ್ತರ ಕ್ಯಾರೊಲಿನ 1830ರಲ್ಲಿ, ಗುಲಾಮರಿಗೆ ಅಕ್ಷರ ಕಲಿಸುವುದನ್ನು ಅಪರಾಧ ಮಾಡಿ ಕಾನೂನು ತಂದವು. ಆ 1830ರಲ್ಲೇ ವಾಕರ್ ತೀರಿಕೊಂಡ. ಅದಕ್ಕೆ ಮುಂಚೆ ಪುಸ್ತಕದ ಮೂರನೆಯ ಮುದ್ರಣವನ್ನು ಹೊರಗೆ ಕಳಿಸಿದ್ದ.