ಎರಡು ಕಾರಿಗೆ ಪ್ರೀಮಿಯಂ, ಒಂದಕ್ಕೆ ಪರಿಹಾರ

ನಮ್ಮ ದೇಶದಲ್ಲಿ ವಾಹನ ಗುದ್ದಿ ಗಾಯವಾದರೆ, ನ್ಯಾಯಮಂಡಳಿ ಗೊತ್ತುಮಾಡುವ ಪರಿಹಾರಕ್ಕೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಗರಿಷ್ಠ ಮಿತಿ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಗಾಯಾಳುವಿಗೆ 15,000 ಡಾಲರ್ ಕೊಡುವ ವಿಮೆ ಇದ್ದರೆ ಕಾನೂನಿಗೆ ಸಾಕು. ದೊಡ್ಡ ಶಸ್ತ್ರಚಿಕಿತ್ಸೆಯೊಂದಕ್ಕೇ ಆ ಹಣ ಸಾಲುವುದಿಲ್ಲ. ಹಾಗಾಗಿ ಗುದ್ದಿದವನ ವಿಮೆ ಸಾಲದೆ ಹೋದಾಗ ಉಳಿದದ್ದನ್ನು ತುಂಬಿಕೊಡುವ ರಕ್ಷಣೆಯನ್ನು ಜನ ತಮ್ಮ ಪಾಲಿಸಿಯಲ್ಲೇ ಕೊಳ್ಳುತ್ತಾರೆ. ಮನೆಯಲ್ಲಿ ಎರಡು ಕಾರಿದ್ದು, ಒಂದೊಂದಕ್ಕೂ ಒಂದು ಲಕ್ಷ ಡಾಲರ್ ರಕ್ಷಣೆ ಇದ್ದರೆ ಎರಡನ್ನೂ ಕೂಡಿಸಿ ಎರಡು ಲಕ್ಷದವರೆಗೆ ಕೇಳಬಹುದು. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ.

ನನ್ನ ಮಟ್ಟಿಗೆ ಇದು ನ್ಯಾಯವಾದ ಪದ್ಧತಿ. ಎರಡು ವಾಹನಕ್ಕೂ ಪ್ರೀಮಿಯಂ ತೆಗೆದುಕೊಂಡವರು ಪರಿಹಾರದ ಹೊತ್ತಿಗೆ ಒಂದನ್ನೇ ಎಣಿಸಬಾರದು. ಆ ರಾಜ್ಯದ ಕಾನೂನೂ ಮಿತಿಗಳು ಕೂಡುತ್ತವೆ ಎಂದೇ ಶುರುವಾಗುತ್ತದೆ. ಬೇಡವೆನ್ನುವವರು ನಮೂನೆಗೆ ಸಹಿ ಹಾಕಿ ಪ್ರೀಮಿಯಂ ತಗ್ಗಿಸಿಕೊಳ್ಳಬಹುದು. ತೊಡಕಿರುವುದು ಪಾಲಿಸಿಯ ಒಳಪುಟಗಳಲ್ಲಿ.

2012ರಲ್ಲಿ ಮೋಟಾರ್‌ಸೈಕಲ್ ಸವಾರನೊಬ್ಬ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ. ಆತನ ಎರಡೂ ಪಾಲಿಸಿಗಳು ಗೈಕೊ ಕಂಪನಿಯವು: ಬೈಕಿಗೆ 50,000 ಡಾಲರ್, ಎರಡು ಕಾರುಗಳಿಗೆ ತಲಾ ಒಂದು ಲಕ್ಷ. ಸ್ಟ್ಯಾಕಿಂಗ್‌ಗೆಂದು ಹೆಚ್ಚಿನ ಪ್ರೀಮಿಯಂ ಕಟ್ಟಿದ್ದ. ಕಂಪನಿ ಬೈಕಿನ ಹಣ ಕೊಟ್ಟು ಕಾರುಗಳದ್ದನ್ನು ನಿರಾಕರಿಸಿತು. ಮನೆಯದೇ ಆದರೂ ಈ ಪಾಲಿಸಿಗೆ ಸೇರದ ವಾಹನದಲ್ಲಿದ್ದಾಗ ಗಾಯವಾದರೆ ಪರಿಹಾರವಿಲ್ಲ ಎಂಬ ಷರತ್ತನ್ನು ಮುಂದಿಟ್ಟಿತು. ಎರಡೂ ಪಾಲಿಸಿ ಬರೆದ ಕಂಪನಿಗೆ ಆ ಮನೆಯಲ್ಲಿ ಯಾವ ಯಾವ ವಾಹನ ಇವೆ ಎಂಬುದು ಚೆನ್ನಾಗಿ ಗೊತ್ತಿತ್ತು! 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಷರತ್ತನ್ನು ತಳ್ಳಿಹಾಕಿತು. ಸಹಿ ಇಲ್ಲದೆಯೇ ಗ್ರಾಹಕನ ಹಕ್ಕನ್ನು ಕಿತ್ತುಕೊಳ್ಳುವ ಷರತ್ತು ಕಾನೂನಿಗೆ ಹೊಂದುವುದಿಲ್ಲ ಎಂಬುದು ತೀರ್ಪಿನ ತಿರುಳು. ಹಣ ಕಟ್ಟಿದವನ ನಂಬಿಕೆಯನ್ನು ಎತ್ತಿಹಿಡಿದ ಈ ತೀರ್ಪು ನನಗೆ ತುಂಬ ಮೆಚ್ಚುಗೆಯಾದದ್ದು.

2023ರಲ್ಲಿ ಅದೇ ಕೋರ್ಟ್ ಅದೇ ಬಗೆಯ ಷರತ್ತನ್ನು ಬೇರೊಂದು ಪ್ರಕರಣದಲ್ಲಿ ಉಳಿಸಿತು. ಅಲ್ಲಿ ಗಾಯಾಳು ಓಡಿಸುತ್ತಿದ್ದ ಬೈಕಿಗೆ ಈ ರಕ್ಷಣೆಯೇ ಇರಲಿಲ್ಲ. ಒಂದರ ಮೇಲೆ ಇನ್ನೊಂದನ್ನು ಕೂಡಿಸಲು ಮೊದಲನೆಯದಾದರೂ ಇರಬೇಕಲ್ಲ ಎಂಬುದು ಕೋರ್ಟಿನ ವಾದ. ತರ್ಕಕ್ಕೆ ಅದು ಸರಿ. ಆದರೆ ಬೈಕಿನ ಪಾಲಿಸಿಯಲ್ಲಿ ಒಂದು ಸಾಲನ್ನು ಬಿಟ್ಟದ್ದರಿಂದ ಮನೆಯ ಕಾರುಗಳ ರಕ್ಷಣೆಯೂ ಕೈತಪ್ಪುತ್ತದೆಂದು ಕೊಳ್ಳುವಾಗ ಎಷ್ಟು ಜನರಿಗೆ ಹೊಳೆದೀತು? ಏಜೆಂಟ್ ಹೇಳುವುದು ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು. ಏನು ಹೋಗುತ್ತದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ, ಡಾಲರ್ ಲೆಕ್ಕದಲ್ಲಿ, ಆ ನಮೂನೆಯಲ್ಲೇ ಬರೆಯಬೇಕು.

ಸ್ಟ್ಯಾಕಿಂಗ್‌ನಿಂದ ಪ್ರೀಮಿಯಂ ಏರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ದುಡ್ಡು ಕಡಿಮೆ ಇದ್ದವರೇ ಮೊದಲು ಅದನ್ನು ಬಿಡುತ್ತಾರೆ, ಗುದ್ದಿಸಿಕೊಂಡಾಗ ಅವರಿಗೇ ಅದು ಹೆಚ್ಚು ಬೇಕಾಗುತ್ತದೆ. 15,000ದ ಕನಿಷ್ಠ ಮಿತಿಯನ್ನು ಏರಿಸದೆ ಈ ಕೊರತೆ ತುಂಬುವುದಿಲ್ಲ. ಗಾಯ ಮಾಡಿದವನ ಹೊರೆಯನ್ನು ಗಾಯಗೊಂಡವನ ಪ್ರೀಮಿಯಂ ಹೊರುತ್ತಿರುವುದೇ ಈ ಏರ್ಪಾಡಿನ ದೊಡ್ಡ ದೋಷ.

ಕನ್ನಡಿಗರು ಬಹಳ ಮಂದಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಮಿತಿ ಕೂಡಿಸಲು ಕಾನೂನೇ ಬಿಡುವುದಿಲ್ಲ. ಅಲ್ಲಿಂದ ಪಿಟ್ಸ್‌ಬರ್ಗಿಗೋ ಫಿಲಡೆಲ್ಫಿಯಾಕ್ಕೋ ಮನೆ ಬದಲಿಸುವವರು ಹಳೆಯ ರೂಢಿಯಲ್ಲೇ ಆ ನಮೂನೆಗೆ ಸಹಿ ಹಾಕಬಾರದು. ಮನೆಯ ಎಲ್ಲ ಪಾಲಿಸಿಗಳನ್ನೂ ಒಟ್ಟಿಗೆ ಹರಡಿಕೊಂಡು, ಬೈಕಿನದ್ದನ್ನೂ ಸೇರಿಸಿ, ಓದಬೇಕು.